ಜಮೀನು ಯಾರ ಹೆಸರಲ್ಲಿತ್ತು ಸಾರ್?

ಬಂಧುಗಳೇ, ಉದ್ದದ ಪೋಸ್ಟು. ಎರಡು ವಾರದಿಂದ ಹೊಟ್ಟೆಯೊಳಗೆ ಇಟ್ಟುಕೊಂಡು ಓಡಾಡ್ತಿದ್ದೆ. ಇವತ್ತು ರಜೆ, ಬರೆದು ಮುಗಿಸ್ತೀನಿ. ಬೈಯುವವರು ಪೂರ್ತಿ ಓದಿ ಬೈಯಿರಿ, ಅಷ್ಟೇ ಕೋರಿಕೆ.

ಹೋದ ತಿಂಗಳು ಜಿಲ್ಲಾ ಕೇಂದ್ರದಲ್ಲಿ ಎರಡು ದಿನದ ಅಧ್ಯಯನ ಶಿಬಿರ ಇತ್ತು. ವಿಷಯ: ಮೂರನೇ ಜಗತ್ತಿನ ಕ್ರಾಂತಿಕಾರಿ ಚಿಂತನೆ. ಬ್ಯಾನರಿನಲ್ಲಿ ಬಾಬಾಸಾಹೇಬರ ಪಕ್ಕದಲ್ಲಿ ಫ್ಯಾನನ್, ಚೆ, ಸಂಕಾರ, ಕಬ್ರಾಲ್. ಎರಡನೇ ದಿನ ಊಟಕ್ಕೆ ಮುಂಚಿನ ಗೋಷ್ಠಿ ಅಮಿಲ್ಕರ್ ಕಬ್ರಾಲ್ ಬಗ್ಗೆ. ಮಾತಾಡಲು ಬಂದವರು ಹೆಸರು ಮಾಡಿದ ಮೇಷ್ಟ್ರು, ಯಾರು ಅನ್ನೋದು ಇಲ್ಲಿ ಬೇಡ. ಒಂದೂಮುಕ್ಕಾಲು ಗಂಟೆ ಮಾತಾಡಿದರು. ವಸಾಹತುಶಾಹಿ, ವಸಾಹತೋತ್ತರ, ನಿರ್ವಸಾಹತೀಕರಣ ಅಂತ ಮೂರು ಪದ ಒಂದರ ಹಿಂದೆ ಒಂದು ಬಂದವು. ಹಿಂದೆ ಕೂತಿದ್ದ ನಮ್ಮ ಹುಡುಗರು ಮೊದಲು ನೋಟ್ಸ್ ಬರೆದುಕೊಂಡರು, ಆಮೇಲೆ ಪೆನ್ನು ಮುಚ್ಚಿದರು, ಆಮೇಲೆ ಮೊಬೈಲ್ ತೆಗೆದರು. ಊಟಕ್ಕೆ ಹೊತ್ತಾಯ್ತು ಅನ್ನುವಾಗ ಪ್ರಶ್ನೆ ಇದ್ದರೆ ಕೇಳಿ ಅಂದರು.

ಹಿಂದಿನ ಸಾಲಿನಿಂದ ಒಂದು ಹುಡುಗಿ ಎದ್ದಳು. ಡಿಗ್ರಿ ಎರಡನೇ ವರ್ಷ, ಹಾಸ್ಟೆಲ್‌ನಲ್ಲಿ ಇದ್ದು ಓದುವ ಮಗು. "ಸಾರ್, ಆ ಊರುಗಳಲ್ಲಿ ಜಮೀನು ಯಾರ ಹೆಸರಲ್ಲಿತ್ತು?" ಅಂತ ಕೇಳಿದಳು.

ಸಭೆ ನಕ್ಕಿತು. ಮೇಷ್ಟ್ರೂ ನಕ್ಕರು. "ಅದೆಲ್ಲ ಡೀಟೇಲ್ಸ್ ಅಮ್ಮಾ, ನಾವಿಲ್ಲಿ ಥಿಯರಿ ಮಾತಾಡ್ತಾ ಇದೀವಿ" ಅಂದರು. ಹುಡುಗಿ ಕೂತಳು. ಸ್ವಾಗತ ಮಾಡಿದವನು ನಾನೇ, ಮೈಕು ನನ್ನ ಕೈಗೆ ಎಟುಕುವಷ್ಟು ಹತ್ತಿರ ಇತ್ತು. ಬಾಯಿ ಬಿಡಲಿಲ್ಲ. ಅದರ ಮೇಲೆ ವಂದನಾರ್ಪಣೆಯಲ್ಲಿ 'ಅರ್ಥಪೂರ್ಣ ಉಪನ್ಯಾಸ' ಅಂತ ಬೇರೆ ಹೇಳಿದೆ. ಈ ಪೋಸ್ಟು ಆ ಮಗುವಿಗೆ ನಾನು ಕೊಡಬೇಕಾದ ಬಾಕಿ.

ಯಾಕೆಂದರೆ ಇಡೀ ಎರಡು ದಿನದಲ್ಲಿ ಕಬ್ರಾಲ್ ಕೇಳುವಂಥ ಪ್ರಶ್ನೆ ಕೇಳಿದ್ದು ಅವಳೊಬ್ಬಳೇ.

ಗೊತ್ತಿಲ್ಲದವರಿಗೆ ಹೇಳಿಬಿಡ್ತೀನಿ. ಆಫ್ರಿಕಾದ ಪಶ್ಚಿಮ ಕರಾವಳಿಯಲ್ಲಿ ಗಿನಿ-ಬಿಸಾವ್ ಅಂತ ಒಂದು ಪುಟ್ಟ ದೇಶ. ಪೋರ್ಚುಗೀಸರ ಕೈಲಿತ್ತು. ಕಬ್ರಾಲ್ ಹುಟ್ಟಿದ್ದು 1924ರಲ್ಲಿ, ಅಲ್ಲಿನ ಬಫಾಟಾದಲ್ಲಿ. ಅಪ್ಪ ಅಮ್ಮ ಕೇಪ್ ವರ್ಡೆ ದ್ವೀಪದವರು. ಬೆಳೆದಿದ್ದೂ ಆ ದ್ವೀಪದಲ್ಲೇ. 1940ರ ದಶಕದಲ್ಲಿ ಅಲ್ಲಿ ಬರ ಬಿದ್ದು ಹತ್ತಾರು ಸಾವಿರ ಜನ ಹಸಿವಿನಿಂದ ಸತ್ತರು. ಅದನ್ನು ಕಣ್ಣಾರೆ ಕಂಡ ಹುಡುಗ ಲಿಸ್ಬನ್‌ಗೆ ಹೋಗಿ ಓದಿದ್ದು ಕಾನೂನಲ್ಲ, ತತ್ವಶಾಸ್ತ್ರ ಅಲ್ಲ, ಕೃಷಿ ವಿಜ್ಞಾನ. ಓದು ಮುಗಿಸಿ 1952ರಲ್ಲಿ ಗಿನಿಗೆ ಬಂದು ಸೇರಿದ್ದು ಸರ್ಕಾರಿ ಕೃಷಿ ಇಲಾಖೆಗೆ. ಹೌದು, ಪೋರ್ಚುಗೀಸ್ ಸರ್ಕಾರದ ಸಂಬಳ ತಗೊಳ್ಳುವ ನೌಕರ. ಅಲ್ಲಿ ಅವರಿಗೆ ಒಪ್ಪಿಸಿದ ಕೆಲಸ ಕೃಷಿ ಗಣತಿ. 1953ರಲ್ಲಿ ಅವರು, ಅವರ ಹೆಂಡತಿ ಮರಿಯಾ ಹೆಲೆನಾ (ಆಕೆಯೂ ಕೃಷಿ ವಿಜ್ಞಾನಿ) ಊರೂರು ಸುತ್ತಿದರು. ಯಾವ ಬುಡಕಟ್ಟಿನವರು ಯಾವ ಬೆಳೆ ಬೆಳೀತಾರೆ, ಎಷ್ಟು ನೆಲದಲ್ಲಿ ಭತ್ತ, ಎಷ್ಟರಲ್ಲಿ ಕಡಲೆಕಾಯಿ, ಒಂದು ಮನೆಯಲ್ಲಿ ಎಷ್ಟು ಕೈ ದುಡೀತಾವೆ. ಎಲ್ಲ ಬರೆದುಕೊಂಡರು.

ಫೈಲು, ಫಾರಂ, ಕಾಲಂ ತುಂಬುವ ಕೆಲಸ ಸ್ವಾಮಿ. ನಾವು ಗುಮಾಸ್ತರು ದಿನಾ ಮಾಡುವ ಕೆಲಸ. ಪಾರ್ಟಿ ಕಟ್ಟಿದ್ದು 1956ರಲ್ಲಿ. ಬಂದೂಕು ಎತ್ತಿದ್ದು 1963ರಲ್ಲಿ. ಅಂದರೆ ಬಂದೂಕಿಗೆ ಹತ್ತು ವರ್ಷ ಮೊದಲೇ ಆ ಮನುಷ್ಯನಿಗೆ ಯಾವ ಊರಲ್ಲಿ ಯಾರ ಒಲೆ ಉರಿಯುತ್ತೆ, ಯಾರದು ಉರಿಯಲ್ಲ ಅನ್ನೋದು ಗೊತ್ತಿತ್ತು. ಸರ್ಕಾರ ತನ್ನ ಲೆಕ್ಕಕ್ಕೆ ಮಾಡಿಸಿದ ಗಣತಿಯೇ ಸರ್ಕಾರವನ್ನು ಕೀಳುವವನಿಗೆ ನಕ್ಷೆ ಆಯ್ತು.

ಈಗ ಆ ಮಗುವಿನ ಪ್ರಶ್ನೆಗೆ ಬರ್ತೀನಿ. ಜಮೀನು ಯಾರ ಹೆಸರಲ್ಲಿತ್ತು?

ಉತ್ತರ: ಬಹುಪಾಲು ಯಾರೊಬ್ಬರ ಹೆಸರಲ್ಲೂ ಇರಲಿಲ್ಲ. ಊರಿನದು. ಕೀನ್ಯಾದಲ್ಲಿ, ಅಲ್ಜೀರಿಯಾದಲ್ಲಿ ಬಿಳಿಯರು ಬಂದು ಒಳ್ಳೆ ನೆಲವನ್ನೆಲ್ಲ ಬಾಚಿಕೊಂಡು ತೋಟ ಮಾಡಿದ್ದರಲ್ಲ, ಗಿನಿಯಲ್ಲಿ ಹಾಗೆ ಆಗಿರಲಿಲ್ಲ. ಅಲ್ಲಿ ಸುಲಿಗೆ ನಡೀತಿದ್ದುದು ಬೇರೆ ದಾರಿಯಲ್ಲಿ. ತಲೆಗಂದಾಯ, ಬಿಟ್ಟಿ ಕೆಲಸ, ಕಡಲೆಕಾಯಿ ಬೆಳೀಲೇಬೇಕು ಅನ್ನುವ ಒತ್ತಾಯ, ಬೆಳೆದಿದ್ದನ್ನು ಪೋರ್ಚುಗೀಸ್ ಕಂಪನಿ ಹೇಳಿದ ರೇಟಿಗೆ ಕೊಡಬೇಕು. ಹಾಗಾಗಿ 'ಉಳುವವನೇ ಹೊಲದೊಡೆಯ' ಅನ್ನುವ ಘೋಷಣೆ ಅಲ್ಲಿ ನಡೆಯೋದಿಲ್ಲ, ನೆಲದ ಕೊರತೆಯೇ ಇಲ್ಲದವನಿಗೆ ನೆಲ ಕೊಡಿಸ್ತೀನಿ ಅಂದರೆ ಅವನು ಯಾಕೆ ಬರ್ತಾನೆ ಅಂತ ಕಬ್ರಾಲ್ ಸ್ಪಷ್ಟವಾಗಿ ಹೇಳಿದರು. ಚೀನಾದಲ್ಲಿ ರೈತ ಕ್ರಾಂತಿ ಮಾಡಿದ ಅಂತ ಗಿನಿಯ ರೈತನೂ ಮಾಡೇ ಮಾಡ್ತಾನೆ ಅಂತ ಅಂದುಕೊಳ್ಳೋದು ತಪ್ಪು ಅಂತಲೂ ಹೇಳಿದರು.

ನೋಡಿ, ಎಷ್ಟು ದೊಡ್ಡ ವಿಷಯ ಆ 'ಡೀಟೇಲ್ಸ್' ಒಳಗಿದೆ! ಇಡೀ ಹೋರಾಟದ ಘೋಷಣೆ, ಯಾರನ್ನು ಮೊದಲು ಭೇಟಿ ಮಾಡಬೇಕು, ಯಾವ ಊರಲ್ಲಿ ಏನು ಮಾತಾಡಬೇಕು ಎಲ್ಲವೂ ಆ ಒಂದು ಪ್ರಶ್ನೆ ಮೇಲೆ ನಿಂತಿತ್ತು.

1964ರ ಮೇ ತಿಂಗಳಲ್ಲಿ ಇಟಲಿಯ ಮಿಲಾನ್ ಹತ್ತಿರ ಫ್ಯಾನನ್ ಹೆಸರಿನ ಕೇಂದ್ರವೊಂದರಲ್ಲಿ ಕಬ್ರಾಲ್ ತಮ್ಮ ದೇಶದ ಸಮಾಜ ರಚನೆ ಬಗ್ಗೆ ಮಾತಾಡಿದರು. ಇಂಗ್ಲಿಷಿನಲ್ಲಿ ಸಿಗುತ್ತೆ, ಓದಿ. ನನ್ನ ಇಂಗ್ಲಿಷು ಅಷ್ಟಕ್ಕಷ್ಟೆ, ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ನಾಲ್ಕು ಭಾನುವಾರ ತಗೊಂಡೆ. ಆದರೆ ಓದಕ್ಕೆ ಕಷ್ಟ ಇಲ್ಲ, ಯಾಕಂದರೆ ಅದರಲ್ಲಿ ದೊಡ್ಡ ಪದ ಕಡಿಮೆ. ಬಾಲಾಂಟ ಜನರಲ್ಲಿ ಒಡೆಯ ಇಲ್ಲ, ಪ್ರತಿ ಮನೆಯೂ ತನ್ನ ದುಡಿಮೆಗೆ ತಾನೇ ಯಜಮಾನ, ಹೆಂಗಸು ತಾನು ಬೆಳೆದದ್ದಕ್ಕೆ ತಾನೇ ಒಡತಿ. ಫುಲಾ ಜನರಲ್ಲಿ ಮೇಲೆ ಮುಖಂಡರು, ಆಮೇಲೆ ಕಸುಬುದಾರರು, ವ್ಯಾಪಾರಿಗಳು, ಎಲ್ಲಕ್ಕೂ ಕೆಳಗೆ ಮುಖಂಡರ ಹೊಲದಲ್ಲಿ ವರ್ಷಕ್ಕೆ ಇಷ್ಟು ದಿನ ದುಡಿಯಲೇಬೇಕಾದ ರೈತ. ಹೆಂಗಸರಿಗೆ ಹಕ್ಕೇ ಇಲ್ಲ. ಮುಖಂಡರು ಪೋರ್ಚುಗೀಸರ ಜೊತೆ. ಹೀಗಿರುವಾಗ ಬಾಲಾಂಟರ ಊರಿಗೆ ಹೋಗಿ ಮಾತಾಡುವ ರೀತಿ ಬೇರೆ, ಫುಲಾ ಊರಿಗೆ ಹೋಗಿ ಮಾತಾಡುವ ರೀತಿ ಬೇರೆ. ಕೊನಾಕ್ರಿಯಲ್ಲಿ ತರಬೇತಿ ಕೊಡುವಾಗ ಹುಡುಗರಿಗೆ ಇದನ್ನು ನಾಟಕದ ಹಾಗೆ ಅಭ್ಯಾಸ ಮಾಡಿಸ್ತಿದ್ದರಂತೆ. ಊರಿಗೆ ಹೋದಾಗ ಹಿರಿಯರಿಗೆ ಹೇಗೆ ನಮಸ್ಕಾರ ಮಾಡಬೇಕು, ಮೊದಲು ಏನು ಕೇಳಬೇಕು ಅಂತ. ಮೊದಲೇ ಕ್ರಾಂತಿ ಅಂತ ಬಾಯಿ ಬಿಡೋ ಹಾಗಿಲ್ಲ. ಅಪ್ಪಾ, ನೀನು ಕಟ್ಟಿದ ತೆರಿಗೆ ಎಷ್ಟು, ಆ ದುಡ್ಡಲ್ಲಿ ನಿಮ್ಮೂರಿಗೆ ಏನು ಬಂತು ಅಂತ ಶುರು ಮಾಡಬೇಕು.

ನಮ್ಮಲ್ಲಿ ಏನು ಮಾಡ್ತೀವಿ? ಜನವರಿ 20 ಬಂದರೆ ಕಬ್ರಾಲ್ ಫೋಟೋ, ತಲೆ ಮೇಲೆ ಆ ಉಣ್ಣೆ ಟೋಪಿ, ಕೆಳಗೆ ಸುಳ್ಳು ಹೇಳಬೇಡಿ ಸುಲಭದ ಗೆಲುವು ಗೆದ್ದೆವು ಅನ್ನಬೇಡಿ ಅನ್ನುವ ಅರ್ಥದ ಆ ಪ್ರಸಿದ್ಧ ಮಾತು. ಶೇರ್, ಲೈಕ್, ಕೆಂಪು ಹಾರ್ಟು, ನೀಲಿ ಹಾರ್ಟು. ಅಕ್ಟೋಬರ್ 15ಕ್ಕೆ ಸಂಕಾರ. ಡಿಸೆಂಬರ್ 6ಕ್ಕೆ ನೋಡಿ, ಅದೇ ದಿನ ಬಾಬಾಸಾಹೇಬರ ಪರಿನಿಬ್ಬಾಣ, ಅದೇ ದಿನ ಫ್ಯಾನನ್ ತೀರಿಹೋಗಿದ್ದು. ಎರಡೂ ಫೋಟೋ ಒಂದೇ ಫ್ರೇಮಿಗೆ. ನಾನೂ ಹಾಕಿದ್ದೀನಿ, ಇಲ್ಲ ಅನ್ನಲ್ಲ. ದೇವರ ಪಟಕ್ಕೆ ಹೂ ಹಾಕುವವರನ್ನು ಆಡಿಕೊಳ್ಳುವ ನಾವು ಮಾಡ್ತಿರೋದು ಬೇರೆ ಏನು? ಆ ಮಾತು ಬಂದಿದ್ದು 1965ರಲ್ಲಿ ಕಾರ್ಯಕರ್ತರಿಗೆ ಬರೆದ ಸೂಚನೆಯಲ್ಲಿ. ಅದೇ ಸೂಚನೆಯಲ್ಲಿ ಇನ್ನೊಂದು ವಿಷಯ ಇದೆ, ಅದನ್ನು ಯಾರೂ ಪೋಸ್ಟರ್ ಮಾಡಲ್ಲ. ಜನ ಯಾರದೋ ತಲೆಯಲ್ಲಿರುವ ವಿಚಾರಕ್ಕಾಗಿ ಹೋರಾಡ್ತಿಲ್ಲ, ಬದುಕು ಸುಧಾರಿಸಲಿ, ಮಕ್ಕಳ ನಾಳೆ ಗಟ್ಟಿಯಾಗಲಿ ಅಂತ ಹೋರಾಡ್ತಿದ್ದಾರೆ, ಇದನ್ನು ಮರೀಬೇಡಿ ಅನ್ನುವ ಎಚ್ಚರಿಕೆ ಅದು. ಅದನ್ನು ಹಾಕಿದರೆ ಮೊದಲು ಉತ್ತರ ಹೇಳಬೇಕಾದವರು ನಾವೇ ಆಗ್ತೀವಲ್ಲ.

ಇನ್ನು ಆ ಮೇಷ್ಟ್ರ ಥರದವರ ವಿಷಯ. ಕಬ್ರಾಲ್, ಫ್ಯಾನನ್ ಬಗ್ಗೆ ಮಾತಾಡುವಾಗ ಇವರ ಕಣ್ಣಲ್ಲಿ ನೀರು ಬರುತ್ತೆ. ಅಲ್ಜೀರಿಯಾದ ರೈತನ ನೋವು ಇವರಿಗೆ ಗೊತ್ತು. ಜಾತಿ ಅಂದ ತಕ್ಷಣ ಮಾತ್ರ 'ಅದು ಅಸ್ಮಿತೆಯ ರಾಜಕಾರಣ ಆಗಿಬಿಡುತ್ತೆ, ವಿಶಾಲವಾಗಿ ನೋಡಬೇಕು' ಅಂತಾರೆ. ಸಾರ್, ಬಿಸಾವ್‌ನಷ್ಟು ದೂರ ಇರೋದು ನಿಮಗೆ ಕಾಣುತ್ತೆ, ನಿಮ್ಮ ಮನೆ ಹಿತ್ತಲು ಕಾಣಲ್ಲ. ದೂರದ ಕ್ರಾಂತಿ ಯಾರಿಗೂ ಖರ್ಚಿಲ್ಲ. ಅಲ್ಲಿನ ಜಮೀನು ಯಾರ ಹೆಸರಲ್ಲಿತ್ತು ಅಂತ ಹೇಳೋದಕ್ಕೆ ಇವರಿಗೆ ಆಗದೇ ಇದ್ದದ್ದು ಮರೆವಿನಿಂದ ಅಲ್ಲ ಅಂತ ನನಗೆ ಅನುಮಾನ. ಆ ಪ್ರಶ್ನೆಗೆ ಉತ್ತರ ಕೊಟ್ಟರೆ ಎರಡನೇ ಪ್ರಶ್ನೆ ಬಂದೇ ಬರುತ್ತೆ: ನಿಮ್ಮೂರಲ್ಲಿ ಯಾರ ಹೆಸರಲ್ಲಿದೆ ಸಾರ್?

ಅವರಿಗೆ ಬೈದು ಚಪ್ಪಾಳೆ ತಗೊಳ್ಳೋದು ಸುಲಭ. ಈಗ ನಮ್ಮವರ ಕಡೆ ಬರ್ತೀನಿ.

ಊಟದ ಸಾಲಿನಲ್ಲಿ ನಮ್ಮ ಹಿರಿಯರೊಬ್ಬರು ಹೇಳಿದರು, "ಬಾಬಾಸಾಹೇಬರು ಎಲ್ಲ ಬರೆದಿಟ್ಟು ಹೋಗಿದ್ದಾರೆ ಕಣಯ್ಯಾ, ಇವರನ್ನೆಲ್ಲ ಯಾಕೆ ಎಳ್ಕೊಂಡು ಬರ್ತೀರಿ?" ಅವರ ಮೇಲೆ ನನಗೆ ಗೌರವ ಇದೆ. ಲಾಠಿ ಏಟು ತಿಂದವರು. ಆದರೆ ಅಣ್ಣಾ, ಈ ಮಾತು ತಪ್ಪು. ಜೋತಿಬಾ ಫುಲೆ 1873ರಲ್ಲಿ 'ಗುಲಾಮಗಿರಿ' ಬರೆದಾಗ ಅದನ್ನು ಅರ್ಪಣೆ ಮಾಡಿದ್ದು ಯಾರಿಗೆ? ಕರಿಯರನ್ನು ಗುಲಾಮಗಿರಿಯಿಂದ ಬಿಡಿಸಲು ಹೋರಾಡಿದ ಅಮೆರಿಕದ ಜನರಿಗೆ. ಬಾಬಾಸಾಹೇಬರು 1946ರಲ್ಲಿ ಡುಬಾಯ್ಸ್ ಅವರಿಗೆ ಪತ್ರ ಬರೆದಿದ್ದರು. ಅಮೆರಿಕದ ಕರಿಯರು ವಿಶ್ವಸಂಸ್ಥೆಗೆ ಸಲ್ಲಿಸ್ತಿರುವ ಅರ್ಜಿಯ ಪ್ರತಿ ಕಳಿಸಿಕೊಡಿ, ನಮ್ಮ ಅಸ್ಪೃಶ್ಯರ ವಿಷಯದಲ್ಲೂ ಹಾಗೆ ಮಾಡುವ ಯೋಚನೆ ಇದೆ ಅಂತ. 1972ರಲ್ಲಿ ಮುಂಬೈನ ಹುಡುಗರು ದಲಿತ್ ಪ್ಯಾಂಥರ್ ಅಂತ ಹೆಸರಿಟ್ಟುಕೊಂಡರಲ್ಲ, ಆ ಹೆಸರು ಓಕ್ಲೆಂಡ್‌ನಿಂದ ಬಂದದ್ದು. ನಮ್ಮ ಚಳವಳಿ ಯಾವತ್ತೂ ಕಿಟಕಿ ಮುಚ್ಚಿಕೊಂಡು ಕೂತಿರಲಿಲ್ಲ.

ಇನ್ನೊಂದು ಮಾತು. 'ಬಾಬಾಸಾಹೇಬರು ಸಾಕು' ಅನ್ನುವವರು ಬಾಬಾಸಾಹೇಬರ ಯಾವ ಬರಹ ಓದಿದ್ದಾರೆ? 1918ರಲ್ಲಿ ಭಾರತದ ಸಣ್ಣ ಹಿಡುವಳಿಗಳ ಬಗ್ಗೆ ಅವರು ಬರೆದ ಲೇಖನ ಎಷ್ಟು ಜನ ನೋಡಿದ್ದೀರಿ? ಹಿಡುವಳಿ ಸಣ್ಣದಾಗಿದೆ, ಒಟ್ಟುಗೂಡಿಸಿ ಅಂತ ಎಲ್ಲರೂ ಹೇಳ್ತಿದ್ದಾಗ, ರೋಗ ಅಲ್ಲಿಲ್ಲ, ನೆಲದ ಮೇಲೆ ಬಿದ್ದಿರುವ ಹೆಚ್ಚುವರಿ ಜನರ ಭಾರದಲ್ಲಿದೆ, ಬಂಡವಾಳ ಇಲ್ಲದಿರೋದರಲ್ಲಿದೆ ಅಂತ ಅಂಕಿ ಹಿಡಿದು ವಾದಿಸಿದ್ದರು. ಆಗ ಅವರಿಗೆ ಇಪ್ಪತ್ತೇಳು ವರ್ಷ. 1928ರಲ್ಲಿ ಮಹಾರ್ ವತನಿನ ಮಸೂದೆ ತಂದರು. ವತನ್ ಅಂದರೆ ಒಂದು ತುಂಡು ಇನಾಂ ನೆಲ ಕೊಟ್ಟು ಇಡೀ ಮನೆತನವನ್ನು ಊರಿನ ಬಿಟ್ಟಿ ಚಾಕರಿಗೆ ಕಟ್ಟಿಹಾಕೋದು. ನಮ್ಮ ಕಡೆ ತೋಟಿ ಇನಾಂ, ತಳವಾರಿಕೆ ಇನಾಂ ಇದ್ದವಲ್ಲ, ಅದೇ ಜಾತಿಯದು. 1937ರಲ್ಲಿ ಕೊಂಕಣದ ಖೋತಿ ಪದ್ಧತಿ ರದ್ದತಿಗೆ ಮಸೂದೆ, ಮರುವರ್ಷ ಜನವರಿಯಲ್ಲಿ ಸಾವಿರಾರು ರೈತರ ಜೊತೆ ಬೊಂಬಾಯಿಯಲ್ಲಿ ಮೆರವಣಿಗೆ. ಅದರಲ್ಲಿ ಮಹಾರರಷ್ಟೇ ಅಲ್ಲ, ಕುಣಬಿಗಳೂ ಇದ್ದರು. ಪ್ರತಿಮೆಯ ಕೈಯಲ್ಲಿ ಸಂವಿಧಾನ ಇದೆ, ಸರಿ. ಆ ಕೈ ಅದಕ್ಕೆ ಮುಂಚೆ ಕಂದಾಯದ ಕಾನೂನುಗಳನ್ನು ಸಾಲು ಸಾಲಾಗಿ ಓದಿದ ಕೈ.

ಕಬ್ರಾಲ್ ಗಣತಿ, ಬಾಬಾಸಾಹೇಬರ ಲೆಕ್ಕ ಎರಡೂ ಒಂದೇ ದಾರಿಯ ಓದು ಅಂತ ನನ್ನ ಅಭಿಪ್ರಾಯ. ಒಬ್ಬರನ್ನು ಓದಿದರೆ ಇನ್ನೊಬ್ಬರು ಚೆನ್ನಾಗಿ ಅರ್ಥ ಆಗ್ತಾರೆ. ನನಗಂತೂ 1918ರ ಲೇಖನ ಹುಡುಕಿ ಓದಬೇಕು ಅನಿಸಿದ್ದೇ ಕಬ್ರಾಲ್ ಓದಿದ ಮೇಲೆ. ನಾಚಿಕೆ ಆಗುತ್ತೆ, ಆದರೆ ನಿಜ.

ಈಗ ನನ್ನಂಥವರ ಮೈ ಉರಿಯುವ ಭಾಗ. 1966ರ ಜನವರಿಯಲ್ಲಿ ಹವಾನಾದಲ್ಲಿ ಮೂರು ಖಂಡಗಳ ಸಮ್ಮೇಳನ ನಡೀತು. ಅಲ್ಲಿ ಕಬ್ರಾಲ್ ಮಾಡಿದ ಭಾಷಣದಲ್ಲಿ ಒಂದು ವಿಚಾರ ಬರುತ್ತೆ. ಗುಲಾಮ ದೇಶದಲ್ಲಿ ಓದು ಬರಹ ಕಲಿತು ಸಣ್ಣಪುಟ್ಟ ಸರ್ಕಾರಿ ನೌಕರಿ ಹಿಡಿದ ವರ್ಗ ಇದೆಯಲ್ಲ, ಸ್ವಾತಂತ್ರ್ಯ ಬಂದಾಗ ಆಡಳಿತ ನಡೆಸಲು ಬರೋದು ಅವರಿಗೇ. ಅವರ ಮುಂದೆ ಎರಡೇ ದಾರಿ. ಒಂದೋ ಹಳೆ ಯಜಮಾನನ ಕುರ್ಚಿಯಲ್ಲಿ ಕೂತು ಜನರಿಗೆ ದ್ರೋಹ ಮಾಡೋದು, ಇಲ್ಲಾ ತನ್ನ ವರ್ಗವಾಗಿ ತಾನು ಸತ್ತು ದುಡಿಯುವ ಜನರೊಳಗೆ ಮತ್ತೆ ಹುಟ್ಟೋದು. ವರ್ಗದ ಆತ್ಮಹತ್ಯೆ ಅಂತ ಹೆಸರಾಗಿರುವ ವಿಚಾರ ಇದೇ.

ಬಾಬಾಸಾಹೇಬರು 1956ರ ಮಾರ್ಚ್‌ನಲ್ಲಿ ಆಗ್ರಾದಲ್ಲಿ ಹೇಳಿದ್ದೂ ನಮಗೆಲ್ಲ ಗೊತ್ತು. ಓದಿದವರು ಸಮಾಜಕ್ಕೆ ಆಸರೆ ಆಗ್ತಾರೆ ಅಂದುಕೊಂಡಿದ್ದೆ, ನೋಡಿದರೆ ಹೊಟ್ಟೆ ಹೊರೆದುಕೊಳ್ಳುವ ಗುಮಾಸ್ತರ ಗುಂಪು ಬೆಳೆದಿದೆ ಅಂತ ನೊಂದುಕೊಂಡರು. ನಾನು ಗುಮಾಸ್ತ. ಆ ಮಾತು ಪ್ರತಿ ಸಲ ಸಭೆಯಲ್ಲಿ ಯಾರಾದರೂ ಹೇಳಿದಾಗ ಚಪ್ಪಾಳೆ ತಟ್ಟುವವರಲ್ಲಿ ನಾನೂ ಇರ್ತೀನಿ, ಯಾರೋ ಬೇರೆಯವರಿಗೆ ಹೇಳಿದ ಹಾಗೆ. ಸಂಬಳ ಬಿಟ್ಟು ಬೀದಿಗೆ ಬನ್ನಿ ಅಂತ ನಾನು ಹೇಳ್ತಿಲ್ಲ, ನಾನೇ ಬಿಡಲ್ಲ. ಮನೆ ಸಾಲ ಇದೆ, ಮಗಳ ಪಿಯುಸಿ ಇದೆ. ಆದರೆ ಕಬ್ರಾಲ್ ನೌಕರಿಯಲ್ಲಿ ಇದ್ದಾಗಲೇ ಆ ನೌಕರಿಯಿಂದ ಏನು ಕಲಿತರು ಅನ್ನೋದು ಮುಖ್ಯ. ನಾವು ಕಚೇರಿಗಳಲ್ಲಿ ಇದ್ದೀವಿ. ಯಾವ ಅರ್ಜಿ ಯಾವ ಟೇಬಲ್ಲಿನಲ್ಲಿ ಯಾಕೆ ನಿಲ್ಲುತ್ತೆ ಅನ್ನೋದು ನಮಗೆ ಗೊತ್ತು. ಅದನ್ನು ನಮ್ಮ ಕೇರಿಗೆ ಎಷ್ಟು ಜನ ಹೇಳಿಕೊಟ್ಟಿದ್ದೀವಿ? ಭಾನುವಾರ ನಾವು ಜೈಭೀಮ್, ಸೋಮವಾರದಿಂದ 'ನಾಳೆ ಬಾ'.

ಹಾಗಂತ ಕಬ್ರಾಲ್‌ರನ್ನೂ ತಲೆ ಮೇಲೆ ಹೊತ್ತುಕೊಂಡು ಕುಣಿಯಬೇಕಾಗಿಲ್ಲ. ಅವರ ವಿಷಯದಲ್ಲಿ ನಾವು ಕಣ್ಣಿಟ್ಟು ನೋಡಬೇಕಾದ ಜಾಗ ಒಂದಿದೆ, ನಮ್ಮ ಶಿಬಿರದಲ್ಲಿ ಅದರ ಸುದ್ದಿಯೇ ಬರಲಿಲ್ಲ.

ಪೋರ್ಚುಗೀಸರು ಗಿನಿಯ ಮೂಲ ಜನರನ್ನು ಕಾನೂನಿನಲ್ಲೇ ಎರಡು ಮಾಡಿದ್ದರು. 'ನಾಗರಿಕ'ರು ಮತ್ತು 'ಇಂಡಿಜೆನಾ' ಅಂದರೆ ಸ್ಥಳೀಯ ಮೂಲದ ಜನ. ಪೋರ್ಚುಗೀಸ್ ಓದು ಬರಹ ಕಲಿತು, ಅವರ ಹಾಗೆ ಬಟ್ಟೆ ಹಾಕಿ, ಅವರ ಹಾಗೆ ಬದುಕಿ ತೋರಿಸಿದವನಿಗೆ ಮಾತ್ರ ನಾಗರಿಕ ಅನ್ನುವ ಚೀಟಿ. ಕೇಪ್ ವರ್ಡೆಯ ಜನರಿಗೆ ಆ ಕಾನೂನು ಇಲ್ಲ, ಅವರು ಹುಟ್ಟಿನಿಂದಲೇ ನಾಗರಿಕರು. ಬೆರಕೆ ರಕ್ತ, ತಿಳಿ ಬಣ್ಣ, ಶಾಲೆಯ ಓದು ಇದ್ದಿದ್ದರಿಂದ ಅವರನ್ನೇ ತಂದು ಗಿನಿಯಲ್ಲಿ ಸಣ್ಣ ಅಧಿಕಾರಿ, ಗುಮಾಸ್ತ, ಅಂಗಡಿಯವನು ಮಾಡಿದ್ದರು. ಗಿನಿಯ ರೈತನಿಗೆ ದಿನಾ ಎದುರಾಗುವ ಸರ್ಕಾರದ ಮುಖ ಬಹಳ ಸಲ ಕೇಪ್ ವರ್ಡೆಯವನದೇ.

ಪಾರ್ಟಿ ಕಟ್ಟಿದಾಗ ಎರಡು ನಾಡನ್ನೂ ಒಂದು ಮಾಡ್ತೀವಿ ಅಂತ ಹೆಸರಲ್ಲೇ ಸೇರಿಸಿದರು. ಮೇಲಿನ ನಾಯಕತ್ವದಲ್ಲಿ ಕೇಪ್ ವರ್ಡೆ ಮೂಲದವರು ಎದ್ದು ಕಾಣ್ತಿದ್ದರು, ಕಾಡಿನಲ್ಲಿ ಗುಂಡು ತಿಂದವರಲ್ಲಿ ಬಹುಪಾಲು ಬಾಲಾಂಟ ಹುಡುಗರು. ಒಳಗೊಳಗೇ ಇದು ಕುದೀತಿತ್ತು. 1973ರ ಜನವರಿ 20ರ ರಾತ್ರಿ ಕೊನಾಕ್ರಿಯಲ್ಲಿ ಕಬ್ರಾಲ್‌ರನ್ನು ಕೊಂದವರು ಪೋರ್ಚುಗೀಸ್ ಸೈನಿಕರಲ್ಲ, ಅವರದೇ ಪಾರ್ಟಿಯವರು. ಹಿಂದೆ ಪೋರ್ಚುಗೀಸರ ಕೈ ಎಷ್ಟಿತ್ತು ಅನ್ನೋ ಜಗಳ ಇನ್ನೂ ನಡೀತಿದೆ. ಆದರೆ ಆ ಕೈ ಹಿಡಿದು ಎಳೆಯಲು ಒಂದು ಬಿರುಕು ಮೊದಲೇ ಇತ್ತು. ಅದೇ ವರ್ಷ ಸೆಪ್ಟೆಂಬರ್ 24ಕ್ಕೆ ಗಿನಿ-ಬಿಸಾವ್ ಸ್ವಾತಂತ್ರ್ಯ ಘೋಷಿಸಿತು, ನೋಡಲು ಅವರಿರಲಿಲ್ಲ. 1980ರ ನವೆಂಬರಿನಲ್ಲಿ ಸೈನ್ಯ ಅವರ ತಮ್ಮ ಲೂಯಿಸ್ ಕಬ್ರಾಲ್ ಸರ್ಕಾರವನ್ನು ಕಿತ್ತು ಹಾಕಿತು, ಎರಡು ನಾಡಿನ ಒಗ್ಗಟ್ಟೂ ಅಲ್ಲಿಗೇ ಮುಗೀತು.

ಕಬ್ರಾಲ್‌ಗೆ ಇದು ಗೊತ್ತಿರಲಿಲ್ಲ ಅಂತಲ್ಲ. ಬುಡಕಟ್ಟು ಭೇದ, ಬಣ್ಣದ ಭೇದ ಹೋರಾಟದ ಬೆಂಕಿಯಲ್ಲಿ ಕರಗಿ ಹೋಗುತ್ತೆ ಅಂತ ನಂಬಿದರು. ಕರಗಲಿಲ್ಲ. ಮಿಲಾನ್ ಭಾಷಣದಲ್ಲಿ ಫುಲಾ ಕಸುಬುದಾರರ ಬಗ್ಗೆ ಹೇಳುವಾಗ ಕಮ್ಮಾರರಿಂದ ಹಿಡಿದು ಚರ್ಮದ ಕೆಲಸದವರವರೆಗೆ ಅಂತ ಒಂದು ಸಾಲು ಬರುತ್ತೆ. ನನಗೆ ಅಲ್ಲಿ ಪುಸ್ತಕ ಕೆಳಗಿಡಬೇಕು ಅನಿಸ್ತು. ಪಶ್ಚಿಮ ಆಫ್ರಿಕಾದ ಎಷ್ಟೋ ಸಮಾಜಗಳಲ್ಲಿ ಕಮ್ಮಾರರು, ಚರ್ಮದವರು, ಹಾಡಿ ಹೊಗಳುವವರು ಹುಟ್ಟಿನಿಂದ ಬೇರೆ ಗುಂಪು. ಬೇರೆಯವರು ಅವರ ಜೊತೆ ಮದುವೆ ಸಂಬಂಧ ಬೆಳೆಸಲ್ಲ. ಯಾರು ಯಾರ ಮನೆ ಹೆಣ್ಣು ತರಬಹುದು, ಯಾರು ತರಬಾರದು? ಕಬ್ರಾಲ್ ಆ ಸಾಲು ಬರೆದು ಮುಂದೆ ಹೋಗ್ತಾರೆ. ಬಾಬಾಸಾಹೇಬರಾಗಿದ್ದರೆ ಅಲ್ಲೇ ನಿಲ್ಲುತ್ತಿದ್ದರು. 1916ರಲ್ಲೇ ಕೊಲಂಬಿಯಾದಲ್ಲಿ ಓದಿದ ಪ್ರಬಂಧದಲ್ಲಿ ಜಾತಿಯ ಗುಟ್ಟು ಒಳಮದುವೆಯಲ್ಲಿದೆ ಅಂದವರು ಅವರು. ಕಬ್ರಾಲ್‌ಗೆ ನಾವು ಕಲಿಸಬಹುದಾದ ಪಾಠವೂ ಇದೆ ಅಂತ ನಮಗೆ ಯಾಕೆ ಹೊಳೆಯಲ್ಲ? ಯಾವಾಗ ನೋಡಿದರೂ ನಾವು ವಿದ್ಯಾರ್ಥಿಗಳೇ.

ಈಗ ಎದೆ ಮುಟ್ಟಿಕೊಂಡು ಹೇಳಿ. ನಮ್ಮ ಸಂಘಟನೆಗಳ ಒಳಗೆ ಎಡಗೈ, ಬಲಗೈ ಅನ್ನುವ ಮಾತು ವೇದಿಕೆ ಮೇಲೆ ಬರುತ್ತಾ? ವೇದಿಕೆ ಮೇಲೆ 'ನಾವೆಲ್ಲ ಒಂದೇ', ಮೆಟ್ಟಿಲು ಇಳಿದ ಮೇಲೆ ಎರಡು ಗುಂಪು, ಎರಡು ಟೀ ಅಂಗಡಿ. 2024ರ ಆಗಸ್ಟ್ 1ರಂದು ಒಳಮೀಸಲಾತಿ ಮಾಡಬಹುದು ಅಂತ ಸುಪ್ರೀಂ ಕೋರ್ಟ್ ತೀರ್ಪು ಬಂದ ದಿನ ನಮ್ಮ ವಾಟ್ಸಾಪ್ ಗುಂಪು ಏನಾಯ್ತು ನೆನಪಿದೆಯಾ? ಮೂರು ದಿನ ಒಬ್ಬರೂ ಮಾತಾಡಲಿಲ್ಲ, ನಾಲ್ಕನೇ ದಿನ ಹನ್ನೊಂದು ಜನ ಲೆಫ್ಟ್. ಒಳಗಿರುವ ಮೇಲು ಕೀಳನ್ನು 'ಈಗ ಬೇಡ, ಶತ್ರು ಲಾಭ ತಗೋತಾನೆ' ಅಂತ ಮುಚ್ಚಿಟ್ಟರೆ ಶತ್ರು ಲಾಭ ತಗೊಳ್ಳೋದೇ ಅದರಿಂದ. ಬರಿಗೈಲಿ ಕೊನಾಕ್ರಿವರೆಗೆ ಹೋಗಿ ಕಲಿತ ಪಾಠ ಇದು. ಅದನ್ನು ಬಿಟ್ಟು ಟೋಪಿ ಫೋಟೋ ತಂದುಕೊಂಡಿದ್ದೀವಿ.

ಹೆಂಗಸರ ವಿಷಯ ಚಿಕ್ಕದಾಗಿ ಹೇಳ್ತೀನಿ, ಯಾಕಂದರೆ ನನ್ನ ಕಡೆ ಹೇಳಿಕೊಳ್ಳುವಂಥದ್ದು ಏನಿಲ್ಲ. ಬಿಡುಗಡೆಯಾದ ಪ್ರದೇಶದಲ್ಲಿ ಊರ ಸಮಿತಿಗೆ ಐದು ಜನ, ಅದರಲ್ಲಿ ಕನಿಷ್ಠ ಇಬ್ಬರು ಹೆಂಗಸರು ಇರಲೇಬೇಕು ಅಂತ ಅವರ ಪಾರ್ಟಿ ನಿಯಮ ಮಾಡಿತ್ತು, ಅದೂ ಅರವತ್ತರ ದಶಕದಲ್ಲಿ. ನಮ್ಮ ಶಿಬಿರದ ವೇದಿಕೆ ಮೇಲೆ ಎರಡು ದಿನದಲ್ಲಿ ಹದಿನಾಲ್ಕು ಗಂಡಸರು, ಒಬ್ಬ ಹೆಣ್ಣುಮಗಳು. ಆಕೆ ಹಾಡು ಹೇಳಿದರು.

ಭಾಷೆ ವಿಷಯ ಇನ್ನೊಂದು. ಸ್ವಾತಂತ್ರ್ಯ ಬಂದ ಮೇಲೆ ಗಿನಿ-ಬಿಸಾವ್ ಸರ್ಕಾರ ಅಕ್ಷರ ಕಲಿಸಲು ಬ್ರೆಜಿಲ್‌ನ ಪಾವ್ಲೊ ಫ್ರೇರೆಯನ್ನು ಕರೆಸಿತು. ದಮನಿತರ ಶಿಕ್ಷಣದ ಬಗ್ಗೆ ಬರೆದ ದೊಡ್ಡ ಮನುಷ್ಯ. ಆದರೆ ಕಲಿಸಿದ್ದು ಪೋರ್ಚುಗೀಸಿನಲ್ಲಿ, ಜನ ಆಡುವ ಕ್ರಿಯೋಲಿನಲ್ಲಿ ಅಲ್ಲ. ಹೆಚ್ಚು ಫಲ ಸಿಗಲಿಲ್ಲ. ಜಗತ್ತಿಗೇ ಪಾಠ ಹೇಳಿದವರೂ ಎಡವುವ ಜಾಗ ಇದು. ನಮ್ಮ ಶಿಬಿರದಲ್ಲಿ ಹಂಚಿದ ಪ್ರತಿಗಳು ಪೂರ್ತಿ ಇಂಗ್ಲಿಷಿನಲ್ಲಿದ್ದವು. ಕೊನೆಗೆ ಅದರಲ್ಲಿ ಹುಡುಗರು ಬೋಂಡ ಕಟ್ಟಿಕೊಂಡು ಹೋದರು. ತಪ್ಪು ಹುಡುಗರದಲ್ಲ.

ಹಾಗಾದರೆ ಓದುವುದು ಹೇಗೆ ಅಂತ ಕೇಳ್ತೀರಿ. ಗಯಾನಾ ದೇಶದ ವಾಲ್ಟರ್ ರಾಡ್ನಿ ಅಂತ ಒಬ್ಬ ಇತಿಹಾಸದ ಮೇಷ್ಟ್ರಿದ್ದರು. 1968ರಲ್ಲಿ ಜಮೈಕಾದ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡ್ತಾ, ಸಂಜೆ ಹೊತ್ತು ಕಿಂಗ್‌ಸ್ಟನ್‌ನ ಕೊಳೆಗೇರಿ, ಚರಂಡಿ ಪಕ್ಕ, ರಾಸ್ತಾಫರಿಗಳು ಕೂರುವ ಜಾಗಕ್ಕೆ ಹೋಗಿ ನೆಲದ ಮೇಲೆ ಕೂತು ಮಾತಾಡ್ತಿದ್ದರು. ಆ ಜನರ ಮಾತು ಕಿವಿಗೊಟ್ಟು ಕೇಳಬೇಕು ಅಂತ ಅವರೇ ಬರೆದಿದ್ದಾರೆ. ಅಷ್ಟಕ್ಕೇ ಸರ್ಕಾರ ಹೆದರಿ ಅಕ್ಟೋಬರ್ ತಿಂಗಳಲ್ಲಿ ಅವರನ್ನು ದೇಶದೊಳಗೆ ಬಿಡಲಿಲ್ಲ, ಕಿಂಗ್‌ಸ್ಟನ್ ಹೊತ್ತಿ ಉರೀತು. 1980ರಲ್ಲಿ ಅವರನ್ನು ಜಾರ್ಜ್‌ಟೌನ್‌ನಲ್ಲಿ ಬಾಂಬಿಟ್ಟು ಕೊಂದರು. ಮೈಕು, ಬ್ಯಾನರು, ನೆನಪಿನ ಕಾಣಿಕೆ ಇಲ್ಲದ ಅಧ್ಯಯನ ಶಿಬಿರಕ್ಕೆ ಸರ್ಕಾರ ಹೆದರುತ್ತೆ. ನಮ್ಮದಕ್ಕೆ ಅನುಮತಿ, ಬಂದೋಬಸ್ತು ಎರಡೂ ಸಲೀಸಾಗಿ ಸಿಗುತ್ತೆ.

ಆ ಹುಡುಗಿಯ ಪ್ರಶ್ನೆಯನ್ನು ನಮ್ಮ ತಾಲೂಕಿಗೆ ಕೇಳೋಣ. 1978ರಲ್ಲಿ ಪಿಟಿಸಿಎಲ್ ಕಾಯ್ದೆ ಬಂತು. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಷರತ್ತು ಮುರಿದು ಯಾರಾದರೂ ಬರೆಸಿಕೊಂಡಿದ್ದರೆ ಆ ಕ್ರಯ ಅಸಿಂಧು, ಉಪವಿಭಾಗಾಧಿಕಾರಿಗೆ ಅರ್ಜಿ ಹಾಕಿ ವಾಪಸ್ ಪಡೀಬಹುದು. 2017ರಲ್ಲಿ ಸುಪ್ರೀಂ ಕೋರ್ಟು, ಬಹಳ ವರ್ಷ ಬಿಟ್ಟು ಬಂದರೆ ಆಗಲ್ಲ, ಸಮಂಜಸ ಕಾಲದೊಳಗೆ ಬರಬೇಕು ಅಂದಿತು. ಅದನ್ನು ಹಿಡಿದು ಎಷ್ಟೋ ಅರ್ಜಿ ವಜಾ ಆದವು. 2023ರಲ್ಲಿ ಕಾಲಮಿತಿ ಇಲ್ಲ ಅಂತ ಕಾಯ್ದೆಗೆ ತಿದ್ದುಪಡಿ ಆಯ್ತು. ಅದಕ್ಕಾಗಿ ನಮ್ಮವರು ಬೀದಿಯಲ್ಲಿ ಕೂತಿದ್ದರು. ಸರಿ. ನಮ್ಮ ತಾಲೂಕಿನಲ್ಲಿ ಹೀಗೆ ಮಂಜೂರಾದ ಜಮೀನು ಒಟ್ಟು ಎಷ್ಟು ಎಕರೆ? ಎಷ್ಟು ಸಾಗುವಳಿ ಚೀಟಿ ಇನ್ನೂ ಪೆಟ್ಟಿಗೆಯಲ್ಲಿ ಮಡಚಿಟ್ಟಿವೆ? ಪಹಣಿಯಲ್ಲಿ ಈಗ ಯಾರ ಹೆಸರು, ಹೊಲದಲ್ಲಿ ಯಾರ ಬೋರ್‌ವೆಲ್ಲು? ಹದಿನಾಲ್ಕು ಭಾಷಣಕಾರರಲ್ಲಿ ಒಬ್ಬರಿಗೂ ಗೊತ್ತಿಲ್ಲ. ನನಗೂ ಗೊತ್ತಿಲ್ಲ. ಗೊತ್ತಿಲ್ಲದೇ ಹತ್ತು ವರ್ಷದಿಂದ ಭೂಮಿ ನಮ್ಮ ಹಕ್ಕು ಅಂತ ಕೂಗ್ತಾ ಇದ್ದೀನಿ.

ಕಳೆದ ಭಾನುವಾರ ಆ ಹುಡುಗಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. "ಪರವಾಗಿಲ್ಲ ಅಣ್ಣ" ಅಂದಳು. ಯಾಕಮ್ಮಾ ಆ ಪ್ರಶ್ನೆ ಕೇಳಿದೆ ಅಂದೆ. ಅವರ ತಾತನಿಗೆ ಗೋಮಾಳದಲ್ಲಿ ಎರಡು ಎಕರೆ ಮಂಜೂರಾಗಿತ್ತಂತೆ, ಮದುವೆ ಸಾಲಕ್ಕೆ ಕೈ ಬಿಟ್ಟುಹೋಯ್ತಂತೆ, ಅದೇ ಹೊಲದಲ್ಲಿ ಅವರ ಅವ್ವ ಈಗ ಕಳೆ ಕೀಳೋಕೆ ಕೂಲಿಗೆ ಹೋಗ್ತಾಳಂತೆ. ಮೇಷ್ಟ್ರು ಜಮೀನು ಅಂದ ತಕ್ಷಣ ಅದು ನೆನಪಾಯ್ತು ಅಂದಳು. ಅಷ್ಟೇ ಅಲ್ಲ, ತನ್ನ ಕೇರಿಯಲ್ಲಿ ಇಂಥ ಮನೆ ಎಷ್ಟಿವೆ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆಯೋಕೆ ಶುರು ಮಾಡಿದ್ದಾಳೆ. ಒಂಬತ್ತು ಮನೆ ಆಗಿದೆ.

ಮುಂದಿನ ಓದು ಕೂಟ ಜಿಲ್ಲಾ ಕೇಂದ್ರದಲ್ಲಿ ಅಲ್ಲ, ಅವಳ ಕೇರಿಯ ಸಮುದಾಯ ಭವನದಲ್ಲಿ. ತಿಂಗಳ ಎರಡನೇ ಭಾನುವಾರ, ಬೆಳಿಗ್ಗೆ ಹತ್ತು ಗಂಟೆ. ಮಿಲಾನ್ ಭಾಷಣದಿಂದ ನಾಲ್ಕು ಪುಟ ನಾನು ಕನ್ನಡಕ್ಕೆ ತರ್ತಾ ಇದ್ದೀನಿ, ತಪ್ಪಿದ್ದರೆ ತಿದ್ದಿ. ಅರ್ಧ ಗಂಟೆ ಅದನ್ನು ಓದೋಣ. ಆಮೇಲೆ ನೋಟ್‌ಬುಕ್. ಬರುವವರು ಮನೆಯಲ್ಲಿರುವ ಸಾಗುವಳಿ ಚೀಟಿ, ಹಳೆ ಪಹಣಿ, ಕಂದಾಯ ಕಟ್ಟಿದ ರಸೀದಿ ಏನಿದ್ದರೂ ತನ್ನಿ, ಹರಿದಿದ್ದರೂ ತನ್ನಿ. ಕಂದಾಯ, ಸರ್ವೆ, ಕೋರ್ಟು ಕಚೇರಿಗಳಲ್ಲಿ ಕೆಲಸ ಮಾಡುವ ನಮ್ಮ ನೌಕರ ಬಂಧುಗಳು ದಯವಿಟ್ಟು ಬನ್ನಿ. ಭಾಷಣ ಇಲ್ಲ, ಶಾಲು ಇಲ್ಲ. ಮಧ್ಯಾಹ್ನ ಮುದ್ದೆ, ಹುರುಳಿ ಸಾರು ಇದೆ.

ಮೇಷ್ಟ್ರಿಗೂ ಆಹ್ವಾನ ಕಳಿಸಿದ್ದೀನಿ.

ಜೈ ಭೀಮ್.